ಸುತ್ತಿಗೆ ಬಿತ್ತು, ಸೂರ್ಯಕಾಂತಿ ಯಾರದು?

1987ರ ಮಾರ್ಚ್ 30. ಲಂಡನ್ನಿನ ಕ್ರಿಸ್ಟೀಸ್ ಹರಾಜು ಕೋಣೆ. ಮಾರಾಟಕ್ಕಿದ್ದದ್ದು ವ್ಯಾನ್ ಗೋ ಬರೆದ ಚಿತ್ರ: ಒಂದು ಹೂದಾನಿ, ಅದರೊಳಗೆ ಹದಿನೈದು ಸೂರ್ಯಕಾಂತಿ. ಕೆಲವು ಅರಳಿವೆ, ಕೆಲವು ಬಾಡಿ ಬೀಜಕ್ಕೆ ಬಂದಿವೆ. ಐದು ನಿಮಿಷ ಕೂಡ ಆಗಲಿಲ್ಲ, ಕೂಗು 2.25 ಕೋಟಿ ಪೌಂಡಿಗೆ ಹೋಗಿ ನಿಂತಿತು. ಕೊಳ್ಳುವವರು ಹರಾಜು ಮನೆಗೆ ಕೊಡಬೇಕಾದ ಶೇ 10 ಸೇರಿಸಿದರೆ 2.475 ಕೋಟಿ ಪೌಂಡ್, ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 4 ಕೋಟಿ ಡಾಲರ್. ನಮ್ಮ ರೂಪಾಯಿಯಲ್ಲಿ ಆವತ್ತಿಗೆ ಸುಮಾರು 50 ಕೋಟಿ. ಅದಕ್ಕೆ ಮೊದಲು ಹರಾಜಿನಲ್ಲಿ ಚಿತ್ರವೊಂದಕ್ಕೆ ಬಂದ ದೊಡ್ಡ ಬೆಲೆ ಅಂದರೆ 1985ರಲ್ಲಿ ಇಟಲಿಯ ಹಳೇ ಚಿತ್ರಕಾರ ಮಾಂಟೆನ್ಯಾನ ಚಿತ್ರಕ್ಕೆ ಬಂದ 81 ಲಕ್ಷ ಪೌಂಡ್. ಅಂದರೆ ದಾಖಲೆ ಮುರಿದದ್ದಷ್ಟೇ ಅಲ್ಲ, ಮೂರು ಪಟ್ಟು ಮಾಡಿಬಿಟ್ಟರು. ಆ ದಿನ ವಿನ್ಸೆಂಟ್ ವ್ಯಾನ್ ಗೋ ಹುಟ್ಟಿದ ದಿನ ಬೇರೆ. ಅದೇನು ಕಾಕತಾಳೀಯ ಅಲ್ಲ ಬಿಡಿ, ಹರಾಜು ಮನೆಯವರಿಗೆ ಕ್ಯಾಲೆಂಡರ್ ನೋಡಲು ಚೆನ್ನಾಗಿ ಬರುತ್ತದೆ.

ಫೋನಿನಲ್ಲಿ ಕೂಗಿ ಗೆದ್ದವರು ಯಾರು ಎಂಬುದು ಒಂದು ವಾರದ ಮೇಲೆ ಹೊರಬಂತು. ಜಪಾನಿನ ವಿಮಾ ಕಂಪನಿ ಯಸುದಾ ಫೈರ್ ಅಂಡ್ ಮರೀನ್. ಈಗ ಅದರ ಹೆಸರು ಸೊಂಪೊ. ಚಿತ್ರ ಈಗಲೂ ಅವರದೇ ಮ್ಯೂಸಿಯಂನಲ್ಲಿ, ಟೋಕಿಯೋದ ಶಿಂಜುಕುವಿನಲ್ಲಿ ಇದೆ. ಇಷ್ಟೇ ಆಗಿದ್ದರೆ ಹಳೇ ಸುದ್ದಿ. ಆದರೆ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಫೆಡರಲ್ ಕೋರ್ಟಿಗೆ ಒಂದು ಕೇಸು ಬಂತು. ಬರ್ಲಿನ್ನಿನ ಬ್ಯಾಂಕರ್ ಪಾಲ್ ಫಾನ್ ಮೆಂಡೆಲ್ಸನ್-ಬಾರ್ಥೋಲ್ಡಿಯ ವಾರಸುದಾರರು ಹಾಕಿದ ಕೇಸು. ಚಿತ್ರ ನಮ್ಮದು, ನಾತ್ಸಿಗಳ ಕಾಟಕ್ಕೆ ಸಿಕ್ಕಿ 1934ರಲ್ಲಿ ಅವರು ಅದನ್ನು ಮಾರಬೇಕಾಯಿತು, ವಾಪಸ್ ಕೊಡಿ, ಜೊತೆಗೆ ದಂಡವಾಗಿ 75 ಕೋಟಿ ಡಾಲರ್ ಕೊಡಿ ಎಂದು. 2024ರಲ್ಲಿ ಆ ಕೋರ್ಟು ಕೇಸನ್ನು ವಜಾ ಮಾಡಿತು. ಯಾಕೆ ವಜಾ ಆಯಿತು ಅನ್ನುವುದರಲ್ಲೇ ಕತೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಹರಾಜಿನ ಸುದ್ದಿ ಓದುವಾಗ ನಾವೆಲ್ಲ ಬೆಲೆ ನೋಡುತ್ತೇವೆ. ಅಷ್ಟು ದುಡ್ಡು ಬಿದ್ದ ಮೇಲೆ ಉಳಿದದ್ದೆಲ್ಲ ಇತ್ಯರ್ಥ ಆಗಿರುತ್ತದೆ ಎಂದು ಅಂದುಕೊಳ್ಳುತ್ತೇವೆ. ಹಾಗೇನೂ ಇಲ್ಲ. ಈ ಒಂದು ಚಿತ್ರದ ವಿಷಯದಲ್ಲೇ ನೋಡಿ: ಬೆಲೆ ಐದು ನಿಮಿಷದಲ್ಲಿ ತೀರ್ಮಾನ ಆಯಿತು, ಬರೆದವರು ಯಾರು ಅನ್ನುವ ಜಗಳಕ್ಕೆ ಆಮೇಲೆ ಹದಿನೈದು ವರ್ಷ ಹಿಡಿಯಿತು, ಯಾರ ಸ್ವತ್ತು ಅನ್ನುವುದು ಇವತ್ತಿಗೂ ಮುಗಿದಿಲ್ಲ.

ಮೊದಲು ಚಿತ್ರದ ಹತ್ತಿರ ಹೋಗೋಣ. ಡ್ರಾಯಿಂಗ್ ಪರೀಕ್ಷೆ ಕಟ್ಟಿದವರಿಗೆ ಸ್ಟಿಲ್ ಲೈಫ್ ಅಂದರೆ ಮೇಜಿನ ಮೇಲಿನ ಹೂಜಿ, ಎರಡು ಬಾಳೆಹಣ್ಣು, ಹಿಂದೆ ಇಳಿಬಿಟ್ಟ ಬಟ್ಟೆ. ಅದೇ ಪ್ರಕಾರ. ಇದನ್ನು ಒಂದು ದೊಡ್ಡ ವ್ಯಾಪಾರವಾಗಿ ಬೆಳೆಸಿದವರು 17ನೇ ಶತಮಾನದ ಡಚ್ಚರು. ಹೂವು, ಹಣ್ಣು, ಬೆಳ್ಳಿ ಬಟ್ಟಲು, ಅರ್ಧ ಸುಲಿದ ನಿಂಬೆಹಣ್ಣು, ಚೀನಾದ ಪಿಂಗಾಣಿ. ಶ್ರೀಮಂತರ ಮನೆಯ ಗೋಡೆ ತುಂಬಿಸುವ ಅಲಂಕಾರ. ವ್ಯಾನ್ ಗೋ ಹುಟ್ಟಿದ್ದು ಆ ನಾಡಿನಲ್ಲೇ, ಸೂರ್ಯಕಾಂತಿ ಬರೆದದ್ದು ಮಾತ್ರ ದಕ್ಷಿಣ ಫ್ರಾನ್ಸಿನ ಆರ್ಲ್ ಎಂಬ ಊರಿನಲ್ಲಿ, 1888ರ ಆಗಸ್ಟಿನಲ್ಲಿ. ಅವನ ಉದ್ದೇಶವೂ ಅಲಂಕಾರವೇ. ಬಾಡಿಗೆಗೆ ಹಿಡಿದಿದ್ದ ಹಳದಿ ಮನೆಗೆ ಗೆಳೆಯ, ಚಿತ್ರಕಾರ ಗೋಗ್ಯಾಂ ಬರುವವನಿದ್ದ. ಅವನ ಕೋಣೆ ಚೆನ್ನಾಗಿ ಕಾಣಲಿ ಅಂತ ಹೂವಿನ ಚಿತ್ರಗಳ ಒಂದು ಸಾಲನ್ನೇ ಮಾಡಲು ಹೊರಟ. ಕೊಯ್ದ ಸೂರ್ಯಕಾಂತಿ ಬೇಗ ಬಾಡುತ್ತದೆ, ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಕೂತು, ಒಂದೇ ಸಮ ಬರೆದು, ಒಂದು ವಾರದ ಆಚೀಚೆ ನಾಲ್ಕು ಚಿತ್ರ ಮುಗಿಸಿದ. ಅವುಗಳಲ್ಲಿ ಎರಡು ಗೋಗ್ಯಾಂನ ಕೋಣೆಯ ಗೋಡೆ ಏರಿದವು. ಆ ಎರಡು ಈಗ ಲಂಡನ್ನಿನಲ್ಲಿ ಒಂದು, ಮ್ಯೂನಿಕ್‌ನಲ್ಲಿ ಒಂದು ಇವೆ.

ಇನ್ನೂ ಮೂರನ್ನು ಅವನೇ ಆಮೇಲೆ ತನ್ನದೇ ಚಿತ್ರ ನೋಡಿಕೊಂಡು ಮತ್ತೆ ಬರೆದ. ಆರ್ಲ್‌ನ ಹೂದಾನಿ ಚಿತ್ರ ಒಟ್ಟು ಏಳು. ಐದು ಮ್ಯೂಸಿಯಂಗಳಲ್ಲಿವೆ, ಒಂದು ಖಾಸಗಿಯವರ ಹತ್ತಿರ, ಇನ್ನೊಂದು 1945ರ ಆಗಸ್ಟ್‌ನಲ್ಲಿ ಜಪಾನಿನ ಆಶಿಯಾ ಎಂಬಲ್ಲಿ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಜಪಾನಿಗೆ ಒಂದು ಸೂರ್ಯಕಾಂತಿ ಹಿಂದೆಯೇ ಬಂದು ಕಳೆದುಹೋಗಿತ್ತು ಎಂಬುದು ಗೊತ್ತಿದ್ದರೆ 1987ರ ಆ ಹುಮ್ಮಸ್ಸು ಸ್ವಲ್ಪ ಅರ್ಥವಾಗುತ್ತದೆ.

ನಮ್ಮ ಚಿತ್ರ, ಅಂದರೆ ಟೋಕಿಯೋದ್ದು, ಲಂಡನ್ನಿನದರ ಮರುಬರಹ. ಸುಮಾರು ಒಂದು ಮೀಟರ್ ಎತ್ತರ, ಮುಕ್ಕಾಲು ಮೀಟರ್ ಅಗಲ. ಲಂಡನ್ನಿನ ಹೂದಾನಿಯ ಮೇಲೆ ನೀಟಾಗಿ ‘ವಿನ್ಸೆಂಟ್’ ಎಂದು ಸಹಿ ಇದೆ. ಟೋಕಿಯೋದ ಹೂದಾನಿ ಮೇಲೆ ಸಹಿ ಇಲ್ಲ. ಬಟ್ಟೆಯೂ ಬೇರೆ. ಗೋಗ್ಯಾಂ ಆರ್ಲ್‌ಗೆ ಬಂದವನೇ 20 ಮೀಟರ್ ಸೆಣಬಿನ ಬಟ್ಟೆ ಕೊಂಡಿದ್ದ, ನಮ್ಮ ಗೋಣಿಚೀಲದ ತಾಟಿನ ಹಾಗೆ ಒರಟು. (ಆ ಕಾಲಕ್ಕೆ ಯುರೋಪಿನ ಗಿರಣಿಗಳಿಗೆ ಸೆಣಬು ಹೋಗುತ್ತಿದ್ದದ್ದು ಮುಖ್ಯವಾಗಿ ಬಂಗಾಳದಿಂದ. ಸುಮ್ನೆ ಹೇಳಿದೆ.) ಇಬ್ಬರೂ ಅದನ್ನೇ ಕತ್ತರಿಸಿ ಹಂಚಿಕೊಂಡು ಬರೆದರು. ಒರಟು ಬಟ್ಟೆ ಬಣ್ಣ ಕುಡಿಯುತ್ತದೆ, ಕುಂಚ ಜಾರುವುದಿಲ್ಲ, ಅದಕ್ಕೇ ಬಣ್ಣವನ್ನು ಜಾಸ್ತಿ ಹಾಕಬೇಕು, ಗೆರೆ ದಪ್ಪಗೆ ಬರುತ್ತದೆ. ಈ ಗೋಣಿಯ ಎಳೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಲೆಯ ಬಗ್ಗೆ ವ್ಯಾನ್ ಗೋನಿಗೇ ಒಂದು ಅಂದಾಜಿತ್ತು. 1889ರ ಜನವರಿಯಲ್ಲಿ ತಮ್ಮ ತೆಯೋನಿಗೆ ಬರೆದ ಪತ್ರದಲ್ಲಿ, ಫ್ರೆಂಚ್ ಚಿತ್ರಕಾರ ಮಾಂಟಿಚೆಲ್ಲಿಯ ಹೂವಿನ ಚಿತ್ರ 500 ಫ್ರಾಂಕ್ ಬೆಲೆ ಬಾಳುತ್ತದೆ ಅಂದರೆ ನನ್ನ ಸೂರ್ಯಕಾಂತಿಯೂ ಅಷ್ಟು ಬಾಳುತ್ತದೆ ಎಂದು ಹೇಳಿಕೊಂಡಿದ್ದ. ಮುಂದಿನ ವರ್ಷ ಸತ್ತ. ಇನ್ನಾರು ತಿಂಗಳಲ್ಲಿ ತೆಯೋನೂ ಹೋದ. ಚಿತ್ರಗಳೆಲ್ಲ ತೆಯೋನ ಹೆಂಡತಿ ಯೊಹಾನಾಳ ಕೈಗೆ ಬಂದವು.

ಬೆಂಗಳೂರಿನಲ್ಲಿ ಸೈಟ್ ಕೊಳ್ಳುವವರು ಏನು ಮಾಡುತ್ತಾರೆ? ಮದರ್ ಡೀಡ್ ತೋರಿಸಿ, ಇಸಿ ತೆಗೆಸಿ ಎನ್ನುತ್ತಾರೆ. ಯಾರಿಂದ ಯಾರಿಗೆ ಬಂತು, ನಡುವೆ ಕೊಂಡಿ ಎಲ್ಲಾದರೂ ಬಿಟ್ಟುಹೋಗಿದೆಯಾ, ಮೈನರ್ ಮಗನ ಸಹಿ ತಪ್ಪಿದೆಯಾ ಎಂದು ವಕೀಲರಿಗೆ ತೋರಿಸುತ್ತಾರೆ. ಚಿತ್ರದ ಪೇಟೆಯಲ್ಲೂ ಅಂಥದ್ದೇ ಒಂದು ಪಟ್ಟಿ ಇರುತ್ತದೆ, ಪ್ರಾವೆನೆನ್ಸ್ ಎನ್ನುತ್ತಾರೆ. ದೊಡ್ಡ ವ್ಯತ್ಯಾಸ ಏನೆಂದರೆ ಚಿತ್ರಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸು ಇಲ್ಲ. ಹಳೇ ಪತ್ರ, ಪ್ರದರ್ಶನದ ಕ್ಯಾಟಲಾಗ್, ಚೌಕಟ್ಟಿನ ಹಿಂದೆ ಅಂಟಿಸಿದ ಚೀಟಿ, ದಲ್ಲಾಳಿಯ ಲೆಕ್ಕದ ಪುಸ್ತಕ, ಇವನ್ನೆಲ್ಲ ಜೋಡಿಸಿ ಯಾರೋ ಒಬ್ಬರು ಬರೆದ ಪಟ್ಟಿ ಅದು.

ಈ ಸೂರ್ಯಕಾಂತಿಯ ಪಟ್ಟಿ ಹೀಗಿದೆ. ಮೊದಲು ಯೊಹಾನಾ. ಅವಳ ನಂತರ, 1890ರ ದಶಕದಲ್ಲಿ, ಎಮಿಲ್ ಶುಫೆನೆಕರ್ ಎಂಬ ಪ್ಯಾರಿಸ್ಸಿನ ಚಿತ್ರಕಾರ, ಗೋಗ್ಯಾಂನ ಹಳೇ ಸ್ನೇಹಿತ. ಅಲ್ಲಿಂದ ಅವನ ತಮ್ಮನಿಗೆ, ಮತ್ತೆ ಪ್ಯಾರಿಸ್ಸಿನ ದಲ್ಲಾಳಿಗಳ ಕೈ ದಾಟಿ, 1910ರ ಹೊತ್ತಿಗೆ ಬರ್ಲಿನ್ನಿಗೆ, ಪಾಲ್ ಫಾನ್ ಮೆಂಡೆಲ್ಸನ್-ಬಾರ್ಥೋಲ್ಡಿಯ ಮನೆಗೆ. ಸಂಗೀತಗಾರ ಫೆಲಿಕ್ಸ್ ಮೆಂಡೆಲ್ಸನ್ ಹುಟ್ಟಿದ ಅದೇ ಮನೆತನ. ಕುಟುಂಬದ ಬ್ಯಾಂಕು ಜರ್ಮನಿಯ ದೊಡ್ಡ ಖಾಸಗಿ ಬ್ಯಾಂಕುಗಳಲ್ಲಿ ಒಂದು. ಪಾಲ್‌ಗೆ ಹೊಸ ಚಿತ್ರಕಲೆಯ ಹುಚ್ಚು. ವ್ಯಾನ್ ಗೋ, ಪಿಕಾಸೊ ಎಲ್ಲ ಗೋಡೆಯ ಮೇಲಿದ್ದವು.

1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದ. ಮೆಂಡೆಲ್ಸನ್ ಮನೆತನ ತಲೆಮಾರುಗಳ ಹಿಂದೆಯೇ ಕ್ರೈಸ್ತರಾಗಿತ್ತು, ಆದರೆ ನಾತ್ಸಿ ಲೆಕ್ಕದಲ್ಲಿ ಅವರು ಯಹೂದಿಗಳೇ. ವಾರಸುದಾರರು ಹೇಳುವ ಪ್ರಕಾರ ಆಮೇಲೆ ಪಾಲ್ ಬ್ಯಾಂಕರ್‌ಗಳ ಸಂಘದ ಸ್ಥಾನ ಕಳೆದುಕೊಂಡ, ಆದಾಯ ಕುಸಿಯಿತು, ವರ್ಷಗಟ್ಟಲೆ ಏನೂ ಮಾರದಿದ್ದವನು ಒಂದೊಂದಾಗಿ ಚಿತ್ರ ಹೊರಗೆ ಕಳಿಸಲು ಶುರುಮಾಡಿದ. ಸೂರ್ಯಕಾಂತಿ 1934ರಲ್ಲಿ ಪ್ಯಾರಿಸ್ಸಿನ ಪಾಲ್ ರೋಸೆನ್‌ಬರ್ಗ್ ಎಂಬ ದಲ್ಲಾಳಿಗೆ ಹೋಯಿತು. (ರೋಸೆನ್‌ಬರ್ಗ್ ಕೂಡ ಯಹೂದಿ, 1940ರಲ್ಲಿ ಜರ್ಮನ್ನರು ಪ್ಯಾರಿಸ್ಸಿಗೆ ಬಂದಾಗ ಅವನ ಸಂಗ್ರಹವನ್ನೇ ದೋಚಿದರು.) ಅವನಿಂದ ಲಂಡನ್ನಿನಲ್ಲಿ ನೆಲೆಸಿದ್ದ ಗಣಿ ಕುಳ ಚೆಸ್ಟರ್ ಬೀಟಿಯ ಹೆಂಡತಿ ಕೊಂಡಳು. ಪಾಲ್ 1935ರ ಮೇ ತಿಂಗಳಲ್ಲಿ ತೀರಿಕೊಂಡ. ಬ್ಯಾಂಕು 1938ರಲ್ಲಿ ಕೈಬಿಟ್ಟು ಹೋಯಿತು. ಚಿತ್ರ ಮಾತ್ರ ಐವತ್ತು ವರ್ಷ ಬೀಟಿ ಕುಟುಂಬದಲ್ಲೇ ಇದ್ದು, ಅವರ ಕಡೆಯಿಂದ 1987ರಲ್ಲಿ ಕ್ರಿಸ್ಟೀಸ್‌ಗೆ ಬಂತು.

ಇಲ್ಲಿ ಯಾರೂ ಬಾಗಿಲು ಒಡೆದು ಚಿತ್ರ ಹೊತ್ತೊಯ್ದಿಲ್ಲ. ಮಾಲೀಕ ತಾನೇ ಮಾರಿದ, ಪರದೇಶದ ದಲ್ಲಾಳಿಗೆ ಮಾರಿದ. ಹಾಗಾದರೆ ತಕರಾರು ಎಲ್ಲಿ? ಕೊರಳ ಮೇಲೆ ಕತ್ತಿ ಇದ್ದಾಗ ಹಾಕಿದ ಸಹಿಗೆ ಬೆಲೆ ಇದೆಯಾ ಎಂಬಲ್ಲಿ. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಮಿತ್ರರಾಷ್ಟ್ರಗಳು ತಂದ ಕಾನೂನು, 1933ರ ಜನವರಿ 30ರ ನಂತರ ಕಿರುಕುಳಕ್ಕೆ ಒಳಗಾದವರು ಮಾಡಿದ ಮಾರಾಟವನ್ನು ಬಲವಂತದ್ದು ಎಂದೇ ಮೊದಲು ಊಹಿಸಿ, ಅಲ್ಲ ಎಂದು ತೋರಿಸುವ ಹೊಣೆಯನ್ನು ಕೊಂಡವನ ಮೇಲೆ ಹಾಕಿತ್ತು. 1998ರಲ್ಲಿ ವಾಷಿಂಗ್ಟನ್ನಿನಲ್ಲಿ 44 ದೇಶಗಳು ಒಪ್ಪಿದ ತತ್ವಗಳು, 2009ರ ಟೆರೆಜಿನ್ ಘೋಷಣೆ, 2024ರ ಮಾರ್ಚ್‌ನಲ್ಲಿ ಬಂದ ಹೊಸ ಮಾರ್ಗಸೂಚಿ, ಇವೆಲ್ಲ ಅದೇ ದಾರಿಯಲ್ಲಿ ಮುಂದೆ ಹೋಗಿವೆ. ಆದರೆ ಈ ತತ್ವ, ಘೋಷಣೆ, ಮಾರ್ಗಸೂಚಿ ಯಾವುವೂ ಕಾನೂನಲ್ಲ. ಕೇಳಿದರೆ ಕೇಳಬಹುದು, ಬಿಟ್ಟರೆ ಬಿಡಬಹುದು.

1987ರಲ್ಲಿ ಇದನ್ನೆಲ್ಲ ಯಾರೂ ಜೋರಾಗಿ ಕೇಳುತ್ತಿರಲಿಲ್ಲ. ಆಗ ಪೇಟೆಯಲ್ಲಿ ಬೇರೆಯೇ ಗಾಳಿ. ಡಾಲರ್ ಇಳಿಸಲು ದೊಡ್ಡ ದೇಶಗಳು 1985ರಲ್ಲಿ ಮಾಡಿಕೊಂಡ ಪ್ಲಾಜಾ ಒಪ್ಪಂದದ ಮೇಲೆ ಜಪಾನಿನ ನಾಣ್ಯ ಯೆನ್ ಬಲವಾಯಿತು. ಒಂದು ಡಾಲರಿಗೆ 240 ಯೆನ್ ಇದ್ದದ್ದು ಎರಡೇ ವರ್ಷದಲ್ಲಿ 150ರ ಹತ್ತಿರ ಬಂತು. ಜಪಾನಿನವರಿಗೆ ಹೊರಗಿನ ಪ್ರತಿ ಸಾಮಾನೂ ಅಗ್ಗ, ಬ್ಯಾಂಕುಗಳು ಸಾಲ ಕೊಡಲು ತುದಿಗಾಲಲ್ಲಿ ನಿಂತಿದ್ದವು. ಯಸುದಾ ಕಂಪನಿ ಶುರುವಾದದ್ದು 1888ರಲ್ಲಿ, ಚಿತ್ರ ಬರೆದ ವರ್ಷವೇ. ಶತಮಾನೋತ್ಸವಕ್ಕೆ ಇದಕ್ಕಿಂತ ಒಳ್ಳೇ ಜಾಹೀರಾತು ಎಲ್ಲಿ ಸಿಗಬೇಕು? ಮುಖ್ಯ ಕಚೇರಿಯ 42ನೇ ಮಹಡಿಯ ಮ್ಯೂಸಿಯಂನಲ್ಲಿ ಇಟ್ಟರು, ಜನ ಲಿಫ್ಟಿಗೆ ಸಾಲು ನಿಂತರು.

ಆ ಹರಾಜು ಪೇಟೆಗೆ ಹಿಡಿಸಿದ ಅಮಲು ಬೇಗ ಇಳಿಯಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಸದಬೀಸ್‌ನಲ್ಲಿ ವ್ಯಾನ್ ಗೋನ ‘ಐರಿಸಸ್’ 5.39 ಕೋಟಿ ಡಾಲರಿಗೆ ಹೋಯಿತು. ಕೊಂಡವನು ಆಸ್ಟ್ರೇಲಿಯಾದ ಉದ್ಯಮಿ ಅಲನ್ ಬಾಂಡ್. ಅರ್ಧ ದುಡ್ಡನ್ನು ಹರಾಜು ಮನೆಯೇ ಅವನಿಗೆ ಸಾಲ ಕೊಟ್ಟಿತ್ತು ಎಂಬುದು ಆಮೇಲೆ ಬಯಲಾಯಿತು. ಅವನಿಗೆ ತೀರಿಸಲು ಆಗಲಿಲ್ಲ, 1990ರಲ್ಲಿ ಚಿತ್ರ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂ ಸೇರಿತು. ಮಾರುವವನೇ ಸಾಲ ಕೊಟ್ಟು ಬೆಲೆ ಏರಿಸಿದರೆ ಅದನ್ನು ಬೆಲೆ ಅನ್ನಬೇಕಾ ಎಂದು ನನಗೆ ಈಗಲೂ ಅನುಮಾನ. 1990ರ ಮೇ ತಿಂಗಳಲ್ಲಿ ಜಪಾನಿನ ಕಾಗದ ಉದ್ಯಮಿ ರ್ಯೋಯಿ ಸೈಟೊ ವ್ಯಾನ್ ಗೋನದೇ ‘ಡಾಕ್ಟರ್ ಗಾಶೆ’ ಚಿತ್ರಕ್ಕೆ 8.25 ಕೋಟಿ ಡಾಲರ್ ಕೊಟ್ಟ. ಅಲ್ಲಿಗೆ ಗುಳ್ಳೆ ಒಡೆಯಿತು. ಆ ಕಾಲದಲ್ಲಿ ಕೊಂಡ ಎಷ್ಟೋ ಚಿತ್ರಗಳು ಬ್ಯಾಂಕಿನ ಕೋಣೆ ಸೇರಿ, ಅಲ್ಲಿಂದ ಸದ್ದಿಲ್ಲದೆ ಕಡಿಮೆ ಬೆಲೆಗೆ ಹೊರಹೋದವು. ಯಸುದಾದವರು ಮಾತ್ರ ಮಾರಲಿಲ್ಲ. ಜನರಿಗೆ ನೋಡಲು ಇಟ್ಟೇ ಇದ್ದರು. ಅದನ್ನು ಒಪ್ಪಬೇಕು.

ಹರಾಜಾಗಿ ಹತ್ತು ವರ್ಷಕ್ಕೆ ಮೊದಲ ಪೆಟ್ಟು ಬಿತ್ತು. 1997ರಲ್ಲಿ ಕೆಲವು ಸಂಶೋಧಕರು, ಇದು ವ್ಯಾನ್ ಗೋ ಬರೆದದ್ದೇ ಅಲ್ಲ, ಶುಫೆನೆಕರ್ ಮಾಡಿದ ನಕಲು ಎಂದು ಪತ್ರಿಕೆಗಳಲ್ಲಿ ಬಹಿರಂಗವಾಗಿ ಹೇಳಿದರು. ಸಹಿ ಇಲ್ಲ. ವ್ಯಾನ್ ಗೋನ ಪತ್ರಗಳಲ್ಲಿ ಇದರ ಬಗ್ಗೆ ಸ್ಪಷ್ಟ ಮಾತಿಲ್ಲ. ಯೊಹಾನಾಳ ನಂತರದ ಮಾಲೀಕನೇ ಚಿತ್ರಕಾರ, ಅದೂ ವ್ಯಾನ್ ಗೋನ ಚಿತ್ರ ನೋಡಿ ಬರೆಯುತ್ತಿದ್ದವನು. ಸಂಶಯ ಬರುವುದು ಸಹಜವೇ ಅಲ್ವಾ? ಉತ್ತರ ಕೊಟ್ಟದ್ದು ಆ ಗೋಣಿ. ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ ಮತ್ತು ಷಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟಿನ ಸಂರಕ್ಷಕರು 2001ರ ಷಿಕಾಗೊ ಪ್ರದರ್ಶನದ ತಯಾರಿಯಲ್ಲಿ ಬಟ್ಟೆಯ ಎಳೆ ಎಣಿಸಿದರು. ಗೋಗ್ಯಾಂ ಕೊಂಡ ಅದೇ ಸೆಣಬಿನ ಬಟ್ಟೆ, 1888ರ ಕೊನೆಗೆ ಇಬ್ಬರೂ ಬಳಸುತ್ತಿದ್ದದ್ದು. ಆ ಬಟ್ಟೆ ಪ್ಯಾರಿಸ್ಸಿನಲ್ಲಿದ್ದ ಶುಫೆನೆಕರ್‌ಗೆ ಸಿಕ್ಕಿ, ಅವನು ಅದೇ ಕ್ರಮದಲ್ಲಿ ತಳ ಹಚ್ಚಿ ಬರೆದ ಎನ್ನುವುದು ನಂಬಲು ಕಷ್ಟ.

ಇಲ್ಲೂ ಒಂದು ಎಳೆ ಸಿಕ್ಕಿಕೊಂಡಿದೆ ನೋಡಿ. ಅದೇ ವ್ಯಾನ್ ಗೋ ಮ್ಯೂಸಿಯಂಗೆ 1999ರಲ್ಲಿ ಹೊಸ ಕಟ್ಟಡ ಬಂತು, ಕಿಶೊ ಕುರೊಕಾವ ಎಂಬ ಜಪಾನೀ ವಾಸ್ತುಶಿಲ್ಪಿಯದು. ದುಡ್ಡು ಕೊಟ್ಟದ್ದು ಇದೇ ಯಸುದಾ. ಟೀಕಾಕಾರರು ಬಿಡುತ್ತಾರಾ? ಎಳೆ ಎಣಿಸಿದ ಲೆಕ್ಕ ಸರಿಯೇ ಇದೆ ಎಂದು ನನಗನ್ನಿಸುತ್ತದೆ, ಷಿಕಾಗೊದವರೂ ಜೊತೆಗಿದ್ದರು. ಆದರೂ ದುಡ್ಡು ಕೊಟ್ಟವರ ಚಿತ್ರಕ್ಕೆ ದುಡ್ಡು ಪಡೆದವರೇ ಸರ್ಟಿಫಿಕೇಟ್ ಕೊಡುವುದು ನೋಡಲು ಚೆನ್ನಾಗಿರಲ್ಲ. ಇನ್ನೊಂದು ಮಾತು: ಬರೆದವರು ಯಾರು ಎಂಬುದಕ್ಕೆ ಕ್ರಿಸ್ಟೀಸ್ ಈಗ ಕೊಡುವ ಗ್ಯಾರಂಟಿ ಐದು ವರ್ಷದ್ದು. ಇಲ್ಲಿ ಅನುಮಾನ ಎದ್ದದ್ದು ಹತ್ತನೇ ವರ್ಷಕ್ಕೆ.

ಈಗ ಕೇಸಿಗೆ ಬರೋಣ. ಜಪಾನಿನ ಕಂಪನಿ, ಜಪಾನಿನಲ್ಲಿರುವ ಚಿತ್ರ, ಬರ್ಲಿನ್ನಿನ ಮನೆತನ, ಲಂಡನ್ನಿನ ಹರಾಜು. ಕೇಸು ಯಾಕೆ ಅಮೆರಿಕದಲ್ಲಿ? ಕಾನೂನಿನ ವ್ಯತ್ಯಾಸಕ್ಕಾಗಿ. ಅಮೆರಿಕದಲ್ಲಿ ಕಳ್ಳನಿಂದ ಕೊಂಡವನಿಗೆ ಹಕ್ಕು ಬರುವುದಿಲ್ಲ, ನಡುವೆ ಹತ್ತು ಕೈ ದಾಟಿದ್ದರೂ, ಪ್ರಾಮಾಣಿಕವಾಗಿ ಕೊಂಡಿದ್ದರೂ. ಜಪಾನಿನ ಸಿವಿಲ್ ಕೋಡ್ ಉಲ್ಟಾ: ತಿಳಿಯದೆ, ನಂಬಿಕೆಯಿಂದ ಕೊಂಡವನ ಪರ. ಕದ್ದ ಮಾಲೇ ಆದರೂ ಎರಡು ವರ್ಷದೊಳಗೆ ಕೇಳಬೇಕು. ಹೀಗಾಗಿ ಟೋಕಿಯೋದಲ್ಲಿ ಕೇಸು ಹಾಕಿದರೆ ಮೊದಲ ದಿನವೇ ಮುಗಿದ ಹಾಗೆ. ಜೊತೆಗೆ ಅಮೆರಿಕ 2016ರಲ್ಲಿ ಒಂದು ಕಾಯ್ದೆ ತಂದಿತ್ತು. ನಾತ್ಸಿ ಕಾಲದಲ್ಲಿ ಕೈತಪ್ಪಿದ ಕಲಾಕೃತಿ ಎಲ್ಲಿದೆ ಎಂದು ನಿಜವಾಗಿ ಗೊತ್ತಾದ ದಿನದಿಂದ ಆರು ವರ್ಷ ಕಾಲಾವಕಾಶ, ಹಳೇ ಗಡುವು ಮೀರಿದೆ ಎಂದು ಓಡಿಸುವ ಹಾಗಿಲ್ಲ ಎಂಬ ಕಾಯ್ದೆ. ತರುವಾಗಲೇ ಅದಕ್ಕೆ 2026ರ ಕೊನೆಯ ಗಡುವು ಬರೆದಿದ್ದರು.

ಇಲಿನಾಯ್ ಯಾಕೆಂದರೆ, 2001ರಲ್ಲಿ ಚಿತ್ರ ಷಿಕಾಗೊಗೆ ಹೋಗಿ ಬಂದಿತ್ತು. ಸೊಂಪೊದ ವ್ಯವಹಾರವೂ ಅಮೆರಿಕದಲ್ಲಿದೆ. ಇಷ್ಟು ಸಾಕು ಎಂದು ವಾರಸುದಾರರು, ಸಾಲದು ಎಂದು ಕೋರ್ಟು. 1934ರಲ್ಲಿ ಬಲವಂತ ಇತ್ತೋ ಇಲ್ಲವೋ, ಕೊಳ್ಳುವಾಗ ಯಸುದಾಗೆ ಗೊತ್ತಿತ್ತೋ ಇಲ್ಲವೋ, ಅದಕ್ಕೆ ಕೋರ್ಟು ಹೋಗಲೇ ಇಲ್ಲ. ಈ ಕೇಸು ಇಲ್ಲಿ ನಡೆಯುವಂಥದ್ದಲ್ಲ ಎಂದು ಬಾಗಿಲಲ್ಲೇ ವಾಪಸ್ ಕಳಿಸಿತು. ಸೊಂಪೊ ಮೊದಲಿಂದ ಹೇಳುವುದು ಒಂದೇ: ನಾವು ಬಹಿರಂಗ ಹರಾಜಿನಲ್ಲಿ ಕೊಂಡೆವು, 35 ವರ್ಷ ಎಲ್ಲರ ಕಣ್ಣೆದುರೇ ಇಟ್ಟಿದ್ದೇವೆ, ತಪ್ಪು ಮಾಡಿಲ್ಲ. ವಾರಸುದಾರರ ಪ್ರಕಾರ, ಬರ್ಲಿನ್, ಮೆಂಡೆಲ್ಸನ್, 1934 ಎಂದು ನೋಡಿದ ಮೇಲೆ ಕೊಳ್ಳುವವರು ಒಂದು ಪ್ರಶ್ನೆಯನ್ನಾದರೂ ಕೇಳಬೇಕಿತ್ತು. ಎರಡೂ ಮಾತಿನಲ್ಲಿ ಹುರುಳಿದೆ. 75 ಕೋಟಿ ಡಾಲರ್ ದಂಡ ಕೇಳಿದ್ದು ಮಾತ್ರ ನನಗೆ ಸರಿಕಾಣಲಿಲ್ಲ. ನ್ಯಾಯದ ಮಾತು ಹಿಂದೆ ಸರಿದು ಆ ದೊಡ್ಡ ಅಂಕಿಯೇ ಎಲ್ಲಾ ಕಡೆ ಸುದ್ದಿಯಾಯಿತು.

ಈ ಮನೆತನದ ಬೇರೆ ಚಿತ್ರಗಳಿಗೆ ಏನಾಯಿತು ಅಂತ ನೋಡಿದರೆ ಪೇಟೆ ಹೇಗೆ ನಡೆಯುತ್ತದೆ ಎಂಬುದು ಗೊತ್ತಾಗುತ್ತದೆ. ಪಾಲ್‌ನ ಹತ್ತಿರ ಇದ್ದ ಎರಡು ಪಿಕಾಸೊ ನ್ಯೂಯಾರ್ಕಿನಲ್ಲಿದ್ದವು, ಒಂದು ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ, ಇನ್ನೊಂದು ಗುಗೆನ್‌ಹೈಮ್‌ನಲ್ಲಿ. 2009ರಲ್ಲಿ ವಿಚಾರಣೆ ಶುರುವಾಗುವ ಹೊತ್ತಿಗೆ ಎರಡೂ ಕಡೆಯವರು ರಾಜಿ ಮಾಡಿಕೊಂಡರು, ಚಿತ್ರ ಅಲ್ಲೇ ಉಳಿದವು, ಎಷ್ಟು ಕೊಟ್ಟರು ಎಂಬುದು ಗುಟ್ಟು. ಸಾರ್ವಜನಿಕರಿಗೆ ತಿಳಿಯಬೇಕಾದದ್ದನ್ನು ಮುಚ್ಚಿಟ್ಟಿರಿ ಎಂದು ನ್ಯಾಯಾಧೀಶರೇ ಬೇಸರ ಪಟ್ಟರು. ಮೂರನೆಯದು ನಾಟಕ ಸಂಗೀತಕಾರ ಆಂಡ್ರ್ಯೂ ಲಾಯ್ಡ್ ವೆಬರ್ ಹತ್ತಿರವಿತ್ತು. 2006ರಲ್ಲಿ ಹರಾಜಿಗೆ ತಂದಾಗ ತಕರಾರು ಬಂತು, ಕ್ರಿಸ್ಟೀಸ್ ಹಿಂದಕ್ಕೆ ತೆಗೆಯಿತು. 2010ರಲ್ಲಿ ರಾಜಿಯಾದ ಮೇಲೆ ಅದೇ ಚಿತ್ರ 3.47 ಕೋಟಿ ಪೌಂಡಿಗೆ ಹೋಯಿತು. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ 2020ರಲ್ಲಿ ಇನ್ನೊಂದು ಪಿಕಾಸೊವನ್ನು ವಾಪಸ್ ಕೊಟ್ಟಿತು, ತಪ್ಪು ಒಪ್ಪಿಕೊಂಡಲ್ಲ, ಕೋರ್ಟ್ ಖರ್ಚು ತಪ್ಪಿಸಲು ಎಂದು ಹೇಳಿ. ಒಂದೇ ಮನೆಯ ಗೋಡೆಯಿಂದ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹೊರಟ ಚಿತ್ರಗಳು. ಫಲ ಬೇರೆ ಬೇರೆ. ಈಗ ಯಾರ ಕೈಯಲ್ಲಿದೆ, ಅವರಿಗೆ ಮಾರುವ ಅವಸರ ಇದೆಯಾ, ಎಷ್ಟರ ಮಟ್ಟಿಗೆ ಹೆಸರು ಕೆಡುತ್ತದೆ, ಇದರ ಮೇಲೆಯೇ ಎಲ್ಲ ನಿಂತಿದೆ.

ಸೊಂಪೊಗೆ ಮಾರುವ ಅವಸರವಿಲ್ಲ, ಅದೇ ಅವರ ಬಲ. 2020ರಲ್ಲಿ ಹಳೇ ಗೋಪುರದ ಪಕ್ಕದಲ್ಲೇ ಮ್ಯೂಸಿಯಂಗೆ ಹೊಸ ಕಟ್ಟಡ ಕಟ್ಟಿಸಿದ್ದಾರೆ. ನಾಳೆ ಅವರು ಮನಸ್ಸು ಬದಲಿಸಿ ಮಾರುತ್ತೇವೆ ಎಂದರೂ, ಲಂಡನ್ ಅಥವಾ ನ್ಯೂಯಾರ್ಕಿನ ಯಾವ ದೊಡ್ಡ ಹರಾಜು ಮನೆಯೂ ವಾರಸುದಾರರ ಜೊತೆ ಮಾತುಕತೆ ಮುಗಿಯದೆ ಇದನ್ನು ಕೂಗಿಗೆ ಇಡುತ್ತದೆ ಎಂದು ನನಗನ್ನಿಸುವುದಿಲ್ಲ. ತಕರಾರಿನ ಸೈಟ್ ಇದ್ದ ಹಾಗೆ, ಬೇಲಿ ಹಾಕಿಕೊಂಡು ಕೂರಬಹುದು, ಮಾರುವುದು ಕಷ್ಟ. ಹೊರದೇಶದ ಪ್ರದರ್ಶನಕ್ಕೆ ಕಳಿಸುವ ಮೊದಲೂ ವಕೀಲರನ್ನು ಕೇಳಬೇಕು. 1934ರಲ್ಲಿ ಪಾಲ್ ಯಾಕೆ ಮಾರಿದ, ಎಷ್ಟಕ್ಕೆ ಮಾರಿದ, ಆ ದುಡ್ಡು ಅವನ ಕೈಗೆ ಪೂರ್ತಿ ಸಿಕ್ಕಿತೇ ಎಂಬ ಸಾಕ್ಷಿಯನ್ನು ಕೂತು ಓದಿ ತೂಗಿದ ಕೋರ್ಟು ಈವರೆಗೆ ಯಾವುದೂ ಇಲ್ಲ. ಚಿತ್ರ ಶಿಂಜುಕುವಿನಲ್ಲಿದೆ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ, ಟಿಕೆಟ್ ತಗೊಂಡರೆ ಯಾರು ಬೇಕಾದರೂ ಹೋಗಿ ನೋಡಬಹುದು.